ಟ್ರಯಲ್ ಫೈಲಿನಲ್ಲಿ ಉಳಿದ ರಕ್ತದ ವರದಿ: ಕರುಳ ಜೋಡಣೆ ಸೋರಿದ ಒಂದು ಪ್ರಕರಣದ ಅಧ್ಯಯನ

ದೊಡ್ಡ ಕರುಳಿನ ಒಂದು ತುಂಡು ತೆಗೆದು ಉಳಿದ ಎರಡು ತುದಿಗಳನ್ನು ಸೇರಿಸಿದಾಗ, ಆ ಜೋಡಣೆ ಸೋರುವ ಭಯ ಒಂದು ವಾರವಾದರೂ ಇದ್ದೇ ಇರುತ್ತದೆ. ಎಷ್ಟೇ ನುರಿತ ಕೈಯಾದರೂ ಅಷ್ಟೇ. ಈ ಪ್ರಕರಣದಲ್ಲಿ ಜೋಡಣೆ ಸೋರಿತು, ರೋಗಿ ಎರಡನೇ ಬಾರಿ ಆಪರೇಷನ್ ಟೇಬಲ್ ಹತ್ತಿದರು, ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ದ್ವಾರ) ಮತ್ತು ಅದರ ಚೀಲದೊಂದಿಗೆ ಮನೆಗೆ ಹೋದರು. ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಈ ರೋಗಿ ಒಂದು ಕ್ಲಿನಿಕಲ್ ಪ್ರಯೋಗದಲ್ಲೂ ಸೇರಿದ್ದರು. ಸೋರಿಕೆಯ ಮೊದಲ ಸುಳಿವು ಸಂಶೋಧನೆಗೆಂದು ತೆಗೆದ ರಕ್ತದಲ್ಲೇ ಇತ್ತು, ಮತ್ತು ಆ ವರದಿ ವಾರ್ಡಿನ ಕೇಸ್ ಶೀಟಿಗೆ ತಡವಾಗಿ ಬಂತು.

ಗುರುತು ಹತ್ತದಂತೆ ವಯಸ್ಸು, ಕಸುಬು, ದಿನಾಂಕ ಮತ್ತು ಪ್ರಯೋಗದ ಕೆಲವು ವಿವರಗಳನ್ನು ಬದಲಿಸಿದೆ. ಆಸ್ಪತ್ರೆಯ ಹೆಸರು, ಊರು ಬಿಟ್ಟಿದೆ.

ಹಿನ್ನೆಲೆ

ರೋಗಿ ಐವತ್ತು ದಾಟಿದ ಕೃಷಿ ಕಾರ್ಮಿಕ. ಮೂರು ತಿಂಗಳಿಂದ ಮಲದಲ್ಲಿ ರಕ್ತ, ಮಲಬದ್ಧತೆ, ತೂಕ ಇಳಿಕೆ. ಮೂಲವ್ಯಾಧಿ ಎಂದುಕೊಂಡು ಊರಿನಲ್ಲೇ ಔಷಧಿ ಮಾಡಿಸಿ ಆಗಿತ್ತು. ಕೊಲೊನೋಸ್ಕೋಪಿಯಲ್ಲಿ ಗುದದ್ವಾರದಿಂದ 16 ಸೆಂ.ಮೀ. ಎತ್ತರದಲ್ಲಿ, ಸಿಗ್ಮಾಯ್ಡ್ ಕರುಳು ಗುದನಾಳಕ್ಕೆ ಸೇರುವ ಕಡೆ, ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ ಎಂಬ ಕ್ಯಾನ್ಸರ್. ಸಿಟಿ ಸ್ಕ್ಯಾನಿನಲ್ಲಿ ಯಕೃತ್ತು, ಶ್ವಾಸಕೋಶಗಳಿಗೆ ಹರಡಿರಲಿಲ್ಲ. ಹಿಮೋಗ್ಲೋಬಿನ್ 8.9 ಗ್ರಾಂ, ಪೌಷ್ಟಿಕತೆಯ ಸುಳಿವು ಕೊಡುವ ರಕ್ತದ ಪ್ರೋಟೀನ್ ಆಲ್ಬುಮಿನ್ 2.9 ಗ್ರಾಂ, ಮೂವತ್ತು ವರ್ಷದ ಬೀಡಿ ಚಟ. ಈ ಮೂರೂ ಜೋಡಣೆ ಕೂಡುವುದಕ್ಕೆ ಅಡ್ಡಿ ಎಂಬುದು ಪುಸ್ತಕದಲ್ಲೂ ಇದೆ, ಅನುಭವದಲ್ಲೂ ಇದೆ. ಗಡ್ಡೆಯಿಂದ ದಾರಿ ಕಿರಿದಾಗುತ್ತಿದ್ದುದರಿಂದ ಪೌಷ್ಟಿಕತೆ ಸುಧಾರಿಸಲು ಸಿಕ್ಕಿದ್ದು ಹತ್ತು ದಿನ ಮಾತ್ರ. ಆ ಹತ್ತು ದಿನದಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶ, ಬಾಯಿಂದ ಪ್ರೋಟೀನ್ ಪುಡಿ, ಬೀಡಿ ಬಿಡಿಸುವ ಪ್ರಯತ್ನ ನಡೆದವು.

ಅದೇ ವಿಭಾಗದಲ್ಲಿ ಆಗ ಒಂದು ಪ್ರಯೋಗ ನಡೆಯುತ್ತಿತ್ತು. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಬಾಯಿಂದ ಆಂಟಿಬಯಾಟಿಕ್ ಕೊಟ್ಟರೆ ಗಾಯದ ಸೋಂಕು ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಅರ್ಧ ಜನಕ್ಕೆ ಸಿಪ್ರೊಫ್ಲಾಕ್ಸಸಿನ್ 750 ಮಿ.ಗ್ರಾಂ. ಎರಡು ಬಾರಿ ಮತ್ತು ಮೆಟ್ರೊನಿಡಜೋಲ್ 250 ಮಿ.ಗ್ರಾಂ. ಮೂರು ಬಾರಿ, ಉಳಿದ ಅರ್ಧಕ್ಕೆ ನೋಡಲು ಹಾಗೆಯೇ ಇರುವ ಔಷಧಿಯಿಲ್ಲದ ಮಾತ್ರೆ (ಪ್ಲಸೀಬೋ). ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಸರ್ಜನ್‌ಗೂ ತಿಳಿಯದು. ಕರುಳು ಶುಚಿ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಮತ್ತು ಕೊಯ್ಯುವ ಮೊದಲಿನ 60 ನಿಮಿಷದೊಳಗೆ ರಕ್ತನಾಳಕ್ಕೆ ಕೊಡುವ ಆಂಟಿಬಯಾಟಿಕ್ ಎಲ್ಲರಿಗೂ ಇತ್ತು. ಅಂದರೆ ರೂಢಿಯ ಚಿಕಿತ್ಸೆ ಯಾರಿಗೂ ತಪ್ಪಿರಲಿಲ್ಲ.

ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. 2019ರಲ್ಲಿ ಬಂದ ಫಿನ್ಲೆಂಡಿನ 'ಮೊಬೈಲ್' (MOBILE) ಎಂಬ ಹೆಸರಿನ ಪ್ರಯೋಗದಲ್ಲಿ, ಕರುಳು ಶುಚಿ ಮಾಡಿ ಬಾಯಿಂದ ಆಂಟಿಬಯಾಟಿಕ್ ಕೊಟ್ಟವರಿಗೂ ಯಾವ ತಯಾರಿಯೂ ಇಲ್ಲದವರಿಗೂ ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬಂದ ಸ್ಪೇನಿನ ಓರಾಲೆವ್ ಪ್ರಯೋಗದಲ್ಲಿ, ಬಾಯಿಂದ ಆಂಟಿಬಯಾಟಿಕ್ ಪಡೆದವರಲ್ಲಿ ಸೋಂಕು ಶೇ. 11ರಿಂದ ಶೇ. 5ಕ್ಕೆ ಇಳಿಯಿತು. ಎರಡೂ ಒಳ್ಳೆಯ ಪ್ರಯೋಗಗಳು, ಉತ್ತರ ಬೇರೆ ಬೇರೆ. ಹೀಗೆ ನಿಜವಾಗಿ ತಿಳಿಯದೇ ಇರುವಾಗ ಮಾತ್ರ ರೋಗಿಗಳನ್ನು ಎರಡು ಗುಂಪಾಗಿ ಹಂಚುವ ಹಕ್ಕು ಸಂಶೋಧಕರಿಗೆ ಇರುತ್ತದೆ.

ಕಾನೂನಿನ ಲೆಕ್ಕದಲ್ಲಿ ಇದು ಶೈಕ್ಷಣಿಕ ಪ್ರಯೋಗ. ಈಗಾಗಲೇ ಅನುಮತಿ ಇರುವ ಔಷಧಿಯನ್ನು ಹೊಸ ಉದ್ದೇಶಕ್ಕೆ ಕೇವಲ ಕಲಿಕೆಗಾಗಿ ಪರೀಕ್ಷಿಸುವಾಗ, 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ ಕೇಂದ್ರ ಔಷಧ ನಿಯಂತ್ರಕರ ಪ್ರತ್ಯೇಕ ಅನುಮತಿ ಬೇಡ. ಎಥಿಕ್ಸ್ ಕಮಿಟಿಯ ಪೂರ್ವಾನುಮತಿ ಬೇಕೇ ಬೇಕು, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಪಾಲಿಸಬೇಕು. ಮೊದಲ ರೋಗಿ ಸೇರುವ ಮೊದಲೇ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿಯೂ ಆಗಿರಬೇಕು. ಆರಂಭವಾದ ಮೇಲೆ ನೋಂದಾಯಿಸುವ ದಾರಿ 2018ರ ಏಪ್ರಿಲ್‌ನಿಂದ ಮುಚ್ಚಿದೆ. ಇವೆಲ್ಲ ಇಲ್ಲಿ ಸರಿಯಾಗಿದ್ದವು.

ಮೊದಲ ತಿರುವು: ಒಪ್ಪಿಗೆ

ಭಾನುವಾರ ಸಂಜೆ ರೋಗಿ ದಾಖಲಾದರು. ಮಂಗಳವಾರ ಆಪರೇಷನ್, ಸೋಮವಾರ ಮಧ್ಯಾಹ್ನ 12ಕ್ಕೆ ಮಾತ್ರೆ ಶುರುವಾಗಬೇಕು. ಭಾನುವಾರ ರಾತ್ರಿಯೇ ಪಿಜಿ ವೈದ್ಯರು ಒಪ್ಪಿಗೆ ಪತ್ರ ತಂದರು. ರೋಗಿಗೆ ಓದಲು ಬಾರದು. ಮಗ ಪಿಯುಸಿ ಓದಿದವನು, ಪತ್ರ ಓದಿ ಸಹಿ ಹಾಕಿದ. ಕೆಳಗೆ ತಂದೆಯ ಹೆಬ್ಬೆಟ್ಟು.

ಸೋಮವಾರ ಬೆಳಗ್ಗೆ ಸಂಶೋಧನಾ ಸಂಯೋಜಕಿ ಆ ಪತ್ರ ನೋಡಿ ಮಾತ್ರೆ ಕೊಡದಂತೆ ತಡೆದರು. ಕಾರಣ ಸರಳ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕನ ಪರವಾಗಿ ಮಗ ಒಪ್ಪಿಗೆ ಕೊಡಲಾಗದು. ಓದಲು ಬಾರದವರಿಗೆ ಪತ್ರವನ್ನು ಓದಿ ಹೇಳುವಾಗ ಮೊದಲಿನಿಂದ ಕೊನೆಯವರೆಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಕೂತಿರಬೇಕು; ಅವರು ಸಂಶೋಧನಾ ತಂಡದವರಾಗಿರಬಾರದು. ರೋಗಿಯ ಹೆಬ್ಬೆಟ್ಟು, ಸಾಕ್ಷಿಯ ಸಹಿ, ವಿವರಿಸಿದ ವೈದ್ಯರ ಸಹಿ, ಪ್ರತಿಯೊಂದಕ್ಕೂ ತಾರೀಖು ಇರಬೇಕು. ಮಗ ಪಕ್ಕದಲ್ಲಿ ಕೂತು ಕೇಳುವುದು ಒಳ್ಳೆಯದೇ, ಆದರೆ ತೀರ್ಮಾನ ತಂದೆಯದು.

ಪ್ರಕ್ರಿಯೆ ಹೊಸದಾಗಿ ನಡೆಯಿತು. ಸಾಕ್ಷಿಯಾಗಿ ಬೇರೆ ವಿಭಾಗದ ಸಮಾಜ ಕಾರ್ಯಕರ್ತೆ ಬಂದರು. ವಿವರಣೆ ಮುಗಿದ ಮೇಲೆ, "ಯಜಮಾನ್ರೇ, ಈಗ ನಾವು ಹೇಳಿದ್ದನ್ನ ನಿಮ್ಮ ಮಾತಲ್ಲೇ ಒಂದ್ಸಲ ಹೇಳಿ" ಎಂದು ಕೇಳಿದಾಗ ಬಂದ ಉತ್ತರ: "ಆಪರೇಷನ್ ಚೆನ್ನಾಗಾಗ್ಲಿ ಅಂತ ಜಾಸ್ತಿ ಪವರ್ ಮಾತ್ರೆ ಕೊಡ್ತೀರಿ." ಭಾನುವಾರ ಹೆಬ್ಬೆಟ್ಟು ಒತ್ತುವಾಗ ಅವರು ತಿಳಿದಿದ್ದು ಇದನ್ನೇ. ಮತ್ತೆ ವಿವರಿಸಬೇಕಾಯಿತು: ಮಾತ್ರೆಯಲ್ಲಿ ಔಷಧಿ ಇರಬಹುದು, ಇಲ್ಲದೆಯೂ ಇರಬಹುದು, ಅದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ, ಬೇಡವೆಂದರೂ ಆಪರೇಷನ್ ಇದೇ ದಿನ, ಇದೇ ಡಾಕ್ಟರ್, ಇದೇ ಖರ್ಚಿನಲ್ಲಿ ಆಗುತ್ತದೆ. ಎರಡನೇ ಸಲ ಅವರು ಸರಿಯಾಗಿ ಹೇಳಿದರು, ಒಪ್ಪಿದರು. ಪೂರ್ತಿ ಪ್ರಕ್ರಿಯೆಗೆ ಮುಕ್ಕಾಲು ಗಂಟೆ ಹಿಡಿಯಿತು. ಮುಂದೆ ಒಂಬತ್ತನೇ ದಿನ ಮಗ ತಿರುಗಿಬಿದ್ದಾಗ ಇಡೀ ಪ್ರಯೋಗವನ್ನು ಕಾಪಾಡಿದ್ದು ಈ ಮುಕ್ಕಾಲು ಗಂಟೆಯೇ.

ರಾತ್ರಿ ಕರುಳು ಶುಚಿಗೊಳಿಸುವ ದ್ರಾವಣ ಕುಡಿಯುವಾಗ ವಾಂತಿಯಾಯಿತು. ಬೆಳಗಿನ ಜಾವ 4ರ ಕೊನೆಯ ಮಾತ್ರೆ ತೆಗೆದುಕೊಳ್ಳಲಿಲ್ಲ. ಉಳಿದ ಮಾತ್ರೆಯನ್ನು ಎಣಿಸಿ, ಪೊಟ್ಟಣದ ಸಮೇತ ಫಾರ್ಮಸಿಗೆ ಮರಳಿಸಿ, ಕಾರಣ ಬರೆದಿಟ್ಟರು. ಇಂಥ ರೋಗಿಯನ್ನು ಲೆಕ್ಕದಿಂದ ಬಿಡುವ ಆಸೆ ಹೊಸ ಸಂಶೋಧಕರಿಗೆ ಸಹಜವಾಗಿ ಬರುತ್ತದೆ. ಬಿಡಬಾರದು. ಹಂಚಿಕೆಯಾದ ಗುಂಪಿನಲ್ಲೇ ಅವರು ಕೊನೆಯವರೆಗೆ ಉಳಿಯುತ್ತಾರೆ. ವಾಂತಿ ಮಾಡಿದವರನ್ನೆಲ್ಲ ತೆಗೆದರೆ ಉಳಿಯುವುದು ಗಟ್ಟಿ ಹೊಟ್ಟೆಯವರ ಫಲಿತಾಂಶ, ಚಿಕಿತ್ಸೆಯದಲ್ಲ.

ಆಪರೇಷನ್

ತೆರೆದ ಆಂಟೀರಿಯರ್ ರಿಸೆಕ್ಷನ್, ಅಂದರೆ ಹೊಟ್ಟೆ ಕೊಯ್ದು ಗಡ್ಡೆಯಿರುವ ಕರುಳಿನ ಭಾಗವನ್ನು ತೆಗೆಯುವ ಆಪರೇಷನ್. ಕೊಯ್ಯುವ 35 ನಿಮಿಷ ಮೊದಲು ಸೆಫಜೋಲಿನ್ 2 ಗ್ರಾಂ ಮತ್ತು ಮೆಟ್ರೊನಿಡಜೋಲ್ 500 ಮಿ.ಗ್ರಾಂ. ರಕ್ತನಾಳಕ್ಕೆ. ಇನ್ಫೀರಿಯರ್ ಮೆಸೆಂಟೆರಿಕ್ ಅಪಧಮನಿಯನ್ನು ಬುಡದಲ್ಲಿ ಕಟ್ಟಿ, ಎಡಮೂಲೆಯ ಕರುಳನ್ನು ಗುಲ್ಮದ ಬಳಿಯಿಂದ ಬಿಡಿಸಿ ಕೆಳಗೆ ತಂದರು. 29 ಮಿ.ಮೀ. ವೃತ್ತಾಕಾರದ ಸ್ಟೇಪ್ಲರ್‌ನಿಂದ 12 ಸೆಂ.ಮೀ. ಎತ್ತರದಲ್ಲಿ ಜೋಡಣೆ. ಸ್ಟೇಪ್ಲರ್ ಕತ್ತರಿಸಿದ ಎರಡೂ ಉಂಗುರಗಳು ಪೂರ್ತಿಯಾಗಿದ್ದವು. ಕಿಬ್ಬೊಟ್ಟೆಗೆ ಸಲೈನ್ ತುಂಬಿ, ಗುದನಾಳದಿಂದ ಗಾಳಿ ಊದಿದಾಗ ಗುಳ್ಳೆ ಬರಲಿಲ್ಲ. ರಕ್ತಸ್ರಾವ ಸುಮಾರು 350 ಮಿ.ಲೀ.; ಒಂದು ಬಾಟಲಿ ರಕ್ತ ಕೊಟ್ಟರು. ಜೋಡಣೆ ಎತ್ತರದಲ್ಲಿದ್ದು ಗಾಳಿ ಪರೀಕ್ಷೆಯೂ ಸರಿಯಾಗಿದ್ದುದರಿಂದ ರಕ್ಷಣೆಗೆಂದು ತಾತ್ಕಾಲಿಕ ಸ್ಟೋಮಾ ಮಾಡಲಿಲ್ಲ. ಆಲ್ಬುಮಿನ್ 2.9 ಇದ್ದವರಲ್ಲಿ ಈ ತೀರ್ಮಾನದ ಬಗ್ಗೆ ಎರಡು ಅಭಿಪ್ರಾಯ ಸಾಧ್ಯ. ಗಾಳಿ ಪರೀಕ್ಷೆ ಹೇಳುವುದು ಆ ಕ್ಷಣ ತೂತಿಲ್ಲ ಎಂಬುದನ್ನು ಮಾತ್ರ. ನಾಲ್ಕನೇ ದಿನ ಆ ಅಂಚಿಗೆ ರಕ್ತ ಹರಿಯುತ್ತಿರುತ್ತದೆಯೇ ಎಂಬುದನ್ನು ಅದು ಹೇಳಲಾರದು.

ಮೂರನೇ ದಿನ, ನಾಲ್ಕನೇ ದಿನ

ಮೊದಲೆರಡು ದಿನ ಸಮಾಧಾನಕರವಾಗಿದ್ದವು. ಗುಟುಕು ನೀರು, ಗಂಜಿ, ಮಂಚದ ಪಕ್ಕ ನಾಲ್ಕು ಹೆಜ್ಜೆ. ಮೂರನೇ ದಿನ, ಶುಕ್ರವಾರ, ಜ್ವರ 38 ಡಿಗ್ರಿ, ನಾಡಿ 108. ಹೊಟ್ಟೆ ಮೆದುವಾಗಿತ್ತು. ಬಲ ಶ್ವಾಸಕೋಶದ ಬುಡದಲ್ಲಿ ಸದ್ದು ಕೇಳಿಸಿತು. ಬೀಡಿ ಸೇದುವವರು, ಹೊಟ್ಟೆ ಕೊಯ್ದ ನೋವಿಗೆ ಪೂರ್ತಿ ಉಸಿರೆಳೆಯಲಾರರು. ಎದೆಯ ತೊಂದರೆ ಎಂದು ಭಾವಿಸಿ ಉಸಿರಾಟದ ವ್ಯಾಯಾಮ, ನೆಬ್ಯುಲೈಸೇಷನ್ ಶುರುಮಾಡಿದರು. ಈ ಊಹೆ ಅಸಂಬದ್ಧವೇನಲ್ಲ. ಆದರೆ ಸೋರಿಕೆಯ ಪ್ರಕರಣಗಳನ್ನು ಹಿಂದಿರುಗಿ ನೋಡಿದರೆ ಎಷ್ಟೋ ಸಲ ಮೊದಲ ದೂರು ಹೊಟ್ಟೆಯದಲ್ಲ, ಎದೆಯದು. ನಾಡಿ ಓಡುತ್ತದೆ, ಉಸಿರು ಏರುತ್ತದೆ, ಕೆಲವರಲ್ಲಿ ಹೃದಯದ ಲಯ ತಪ್ಪುತ್ತದೆ. ಹೊಟ್ಟೆ ಕಲ್ಲಾಗುವುದು ಕೊನೆಗೆ.

ಅದೇ ಶುಕ್ರವಾರ ಬೆಳಗ್ಗೆ ಪ್ರಯೋಗದ ವೇಳಾಪಟ್ಟಿಯಂತೆ ರಕ್ತ ತೆಗೆದಿದ್ದರು. ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ವರದಿ ಮಧ್ಯಾಹ್ನ 1.30ಕ್ಕೆ ಬಂತು: ಲೀಟರಿಗೆ 196 ಮಿ.ಗ್ರಾಂ. ಅದು ಬಂದದ್ದು ಸಂಶೋಧನಾ ಕೊಠಡಿಗೆ. ರೋಗಿಯ ಹೆಸರಿಲ್ಲ, ಪ್ರಯೋಗದ ಸಂಖ್ಯೆ ಮಾತ್ರ. ಡೇಟಾ ನಮೂದಿಸುವವರು ಅಂಕಿಯನ್ನು ಸರಿಯಾದ ಚೌಕದಲ್ಲಿ ಬರೆದು ಫೈಲು ಮುಚ್ಚಿದರು. ಅವರ ಕೆಲಸ ಅಷ್ಟೇ ಆಗಿತ್ತು, ಅದನ್ನು ತಪ್ಪಿಲ್ಲದೆ ಮಾಡಿದ್ದರು. ವಾರ್ಡಿನಲ್ಲಿ ರೂಢಿಯಂತೆ ಕಳಿಸಿದ್ದು ರಕ್ತಕಣಗಳ ಎಣಿಕೆ ಮಾತ್ರ. ಬಿಳಿ ರಕ್ತಕಣ 11,200, ಯಾರನ್ನೂ ಹೆದರಿಸುವ ಸಂಖ್ಯೆಯಲ್ಲ.

ಸಿಆರ್‌ಪಿಯ ಬೆಲೆ ಏನೆಂದು ಇಲ್ಲಿ ತಿಳಿದಿರಬೇಕು. ಏಳು ಅಧ್ಯಯನಗಳ 2,483 ರೋಗಿಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆ ಮೂರು ಗಡಿಗಳನ್ನು ಕೊಟ್ಟಿತು: ಮೂರನೇ ದಿನ 172, ನಾಲ್ಕನೇ ದಿನ 124, ಐದನೇ ದಿನ 144. ಗಡಿಗಿಂತ ಕೆಳಗಿದ್ದರೆ ಸೋರಿಕೆ ಇಲ್ಲವೆಂದು ಶೇ. 97ರಷ್ಟು ಭರವಸೆಯಿಂದ ಹೇಳಬಹುದು. ಮೇಲಿದ್ದರೆ? ಅಲ್ಲಿ ಅದು ದುರ್ಬಲ. ಗಡಿ ದಾಟಿದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತ್ರ ಸೋರಿಕೆ ಇರುತ್ತದೆ. ಆದ್ದರಿಂದ 196 ಎಂಬ ಅಂಕಿ ಹೊಟ್ಟೆ ತೆರೆಯಿರಿ ಎಂದು ಹೇಳುವುದಿಲ್ಲ. ಆದರೆ ನಾಡಿ 108 ಇರುವ ರೋಗಿಯಲ್ಲಿ ಅದು ಎದೆಯ ಊಹೆಗೆ ಅಂಟಿಕೊಳ್ಳಬೇಡಿ, ಸಂಜೆ ಮತ್ತೆ ನೋಡಿ, ಸಿಟಿ ಮಾಡಿಸುವ ಯೋಚನೆ ಮಾಡಿ ಎಂದು ಖಂಡಿತ ಹೇಳುತ್ತದೆ.

ಶನಿವಾರ ಬೆಳಗ್ಗೆ 8.30ರ ರೌಂಡ್ಸ್‌ನಲ್ಲಿ, ಪ್ರಯೋಗದ ಕೆಲಸವನ್ನೂ ನೋಡುತ್ತಿದ್ದ ಪಿಜಿ ವೈದ್ಯೆಗೆ ಆ ಅಂಕಿ ನೆನಪಿಗೆ ಬಂತು. ವರದಿ ಬಂದು 19 ಗಂಟೆಯಾಗಿತ್ತು. ತಕ್ಷಣ ಮರುಪರೀಕ್ಷೆ: ಸಿಆರ್‌ಪಿ 241, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.4, ನಾಡಿ 116, ಉಸಿರು ನಿಮಿಷಕ್ಕೆ 24, ಹೊಟ್ಟೆ ಉಬ್ಬರ. ಸಂಜೆ 4.40ಕ್ಕೆ ಸಿಟಿ, ರಕ್ತನಾಳಕ್ಕೂ ಗುದನಾಳಕ್ಕೂ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣುವ ದ್ರವ) ಹಾಕಿ. ಜೋಡಣೆಯ ಹಿಂದೆ 5 ಸೆಂ.ಮೀ. ದ್ರವದ ಸಂಗ್ರಹ, ಒಳಗೆ ಗಾಳಿಯ ಗುಳ್ಳೆಗಳು. ಕಾಂಟ್ರಾಸ್ಟ್ ಹೊರಬಂದದ್ದು ಕಾಣಲಿಲ್ಲ.

ಕಾಂಟ್ರಾಸ್ಟ್ ಹೊರಬಂದಿಲ್ಲ ಎಂಬ ಒಂದು ಸಾಲು ಅನೇಕ ತಂಡಗಳನ್ನು ದಾರಿ ತಪ್ಪಿಸಿದೆ. ಸ್ಟೇಪ್ಲರ್ ಸಾಲಿನ ಮಗ್ಗುಲಲ್ಲಿ ಗಾಳಿಯಿರುವ ಸಂಗ್ರಹ ಕಂಡರೆ, ಕಾಂಟ್ರಾಸ್ಟ್ ಕಾಣದಿದ್ದರೂ ಸೋರಿಕೆ ಎಂದೇ ಹಿಡಿಯಬೇಕು. ತಂಡ ಹಾಗೆಯೇ ಹಿಡಿಯಿತು. ಪೈಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಆಂಟಿಬಯಾಟಿಕ್, ದ್ರವಗಳು, ಮೂತ್ರದ ಕ್ಯಾತಿಟರ್. ಸಂಗ್ರಹ ಒಂದೇ ಕಡೆ ಇದ್ದು ರೋಗಿ ಸ್ಥಿರವಾಗಿದ್ದರೆ ಸ್ಕ್ಯಾನ್ ನೋಡಿಕೊಂಡು ಚರ್ಮದ ಮೂಲಕ ನಳಿಕೆ ಇಡುವ ದಾರಿಯೂ ಇತ್ತು. ರಾತ್ರಿ 9ಕ್ಕೆ ಆ ದಾರಿ ಮುಚ್ಚಿತು: ಮೂತ್ರ ಗಂಟೆಗೆ 20 ಮಿ.ಲೀ., ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ 3.4, ನೋವು ಹೊಟ್ಟೆಯಿಡೀ ಹರಡಿತ್ತು. 11 ಗಂಟೆಗೆ ಮತ್ತೆ ಥಿಯೇಟರ್.

ಹೊಟ್ಟೆಯಲ್ಲಿ ಸುಮಾರು 600 ಮಿ.ಲೀ. ಮಲಮಿಶ್ರಿತ ಕೀವು. ಜೋಡಣೆಯ ಹಿಂಭಾಗ ಮತ್ತು ಎಡಭಾಗ ಸೇರಿ ಸುತ್ತಳತೆಯ ಮೂರನೇ ಒಂದಕ್ಕಿಂತ ಹೆಚ್ಚು ಬಿಟ್ಟುಕೊಂಡಿತ್ತು. ಮೇಲಿನ ಕರುಳಿನ ಅಂಚು ಕಪ್ಪಿಟ್ಟಿತ್ತು. ಬಿರುಕು ಸಣ್ಣದಿದ್ದು ಅಂಚು ಕೆಂಪಗೆ ಜೀವಂತವಾಗಿದ್ದರೆ ಜೋಡಣೆ ಉಳಿಸಿ, ಮೇಲೆ ಇಲಿಯಾಸ್ಟಮಿ (ಸಣ್ಣ ಕರುಳಿನ ಸ್ಟೋಮಾ) ಮಾಡಿ, ದ್ರವ ಹೊರಹರಿಸುವ ನಳಿಕೆ (ಡ್ರೇನ್) ಇಡಬಹುದಿತ್ತು. ಇಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಜೋಡಣೆ ಬಿಚ್ಚಿ, ಗುದನಾಳದ ತುದಿ ಮುಚ್ಚಿ, ಮೇಲಿನ ಕರುಳನ್ನು ಜೀವಂತ ಭಾಗದವರೆಗೆ ಕತ್ತರಿಸಿ ಕೊಲಾಸ್ಟಮಿಯಾಗಿ (ದೊಡ್ಡ ಕರುಳಿನ ಸ್ಟೋಮಾ) ಹೊರತಂದರು. ಬೆಚ್ಚಗಿನ ಸಲೈನ್‌ನಿಂದ ತೊಳೆದು ಎರಡು ಡ್ರೇನ್. ಹೊಟ್ಟೆಯ ಗೋಡೆ ಮುಚ್ಚುವ ಮೊದಲು ಎಲ್ಲರೂ ಗ್ಲೌಸ್ ಬದಲಿಸಿ, ಹೊಲಿಗೆಗೆ ಬೇರೆ ಉಪಕರಣಗಳನ್ನು ತೆಗೆದುಕೊಂಡರು. ಭಾರತವೂ ಸೇರಿ ಏಳು ದೇಶಗಳ 13,301 ರೋಗಿಗಳಲ್ಲಿ ನಡೆದ ಚೀತಾ ಎಂಬ ಹೆಸರಿನ ಪ್ರಯೋಗ 2022ರಲ್ಲಿ ತೋರಿಸಿದ್ದು ಇದನ್ನೇ: ಇಷ್ಟು ಮಾಡಿದರೆ ಸೋಂಕು ಶೇ. 18.9ರಿಂದ ಶೇ. 16ಕ್ಕೆ ಇಳಿಯುತ್ತದೆ. ಚರ್ಮ ಮುಚ್ಚಲಿಲ್ಲ.

ಎರಡನೇ ತಿರುವು: ಲಕೋಟೆ

ಥಿಯೇಟರ್‌ಗೆ ಹೋಗುವ ಮೊದಲು, ರಾತ್ರಿ ಹತ್ತರ ಹೊತ್ತಿಗೆ, ಡ್ಯೂಟಿ ವೈದ್ಯರು ಫಾರ್ಮಸಿಗೆ ಫೋನ್ ಮಾಡಿದ್ದರು. ಈ ರೋಗಿಗೆ ಸಿಕ್ಕಿದ್ದು ನಿಜವಾದ ಮಾತ್ರೆಯೋ ಹುಸಿ ಮಾತ್ರೆಯೋ? ತುರ್ತಿಗೆಂದೇ ಮುಚ್ಚಿದ ಲಕೋಟೆಗಳು ಅಲ್ಲಿ ಇರುತ್ತವೆ. ಫಾರ್ಮಸಿಸ್ಟ್ ಕೇಳಿದ ಪ್ರಶ್ನೆ: "ಸಾರ್, ಅದು ಗೊತ್ತಾದ್ರೆ ಈಗ ಮಾಡೋ ಚಿಕಿತ್ಸೆಯಲ್ಲಿ ಯಾವುದು ಬದಲಾಗುತ್ತೆ?"

ಕೂತು ಯೋಚಿಸಿದಾಗ ಯಾವುದೂ ಬದಲಾಗುತ್ತಿರಲಿಲ್ಲ. ಸಿಪ್ರೊಫ್ಲಾಕ್ಸಸಿನ್ ಪಡೆದಿದ್ದರೆ ಅದಕ್ಕೆ ಬಗ್ಗದ ರೋಗಾಣು ಉಳಿದಿರಬಹುದು. ಆದರೆ ಮಲ ಹೊಟ್ಟೆಗೆ ಸೋರಿದವರಿಗೆ ಇಲ್ಲಿ ಯಾರೂ ಸಿಪ್ರೊಫ್ಲಾಕ್ಸಸಿನ್ ನೆಚ್ಚುವುದಿಲ್ಲ. ಮುಂದೆ ಭೇದಿಯಾದರೆ, ಆಂಟಿಬಯಾಟಿಕ್ ನಂತರ ಭೇದಿ ತರುವ ಕ್ಲಾಸ್ಟ್ರಿಡಿಯಮ್ ಡಿಫಿಸೀಲ್ ರೋಗಾಣುವಿನ ಪರೀಕ್ಷೆ ಹೇಗೂ ಮಾಡುತ್ತಾರೆ. ಎರಡೂ ಸಾಧ್ಯತೆಗೆ ಸಲ್ಲುವ ಚಿಕಿತ್ಸೆ ಕೈಯಲ್ಲೇ ಇತ್ತು. ಲಕೋಟೆ ತೆರೆಯಲಿಲ್ಲ. ಯಾರು ಯಾವಾಗ ಕೇಳಿದರು, ಏಕೆ ತೆರೆಯಲಿಲ್ಲ ಎಂಬುದನ್ನು ಫಾರ್ಮಸಿ ಪುಸ್ತಕದಲ್ಲಿ ಬರೆದರು.

ಇದು ರೋಗಿಗಿಂತ ಸಂಶೋಧನೆ ದೊಡ್ಡದು ಎಂಬ ಹಠವಲ್ಲ. ಚಿಕಿತ್ಸೆ ಬದಲಾಗುವಂತಿದ್ದರೆ ಅನುಮತಿಗೆ ಕಾಯದೆ ತೆರೆಯಬೇಕು. ಹಾಗೆಂದೇ ಲಕೋಟೆ ಇರುವುದು. ಆದರೆ ಮನಸ್ಸಿನ ಆತಂಕ ತಣಿಸಲು ತೆರೆದರೆ, ಮೂವತ್ತನೇ ದಿನ ಗಾಯ ನೋಡಿ ಸೋಂಕು ಇದೆಯೋ ಇಲ್ಲವೋ ಎಂದು ಬರೆಯುವ ಕೈ ತನಗರಿವಿಲ್ಲದೆ ಒಂದು ಕಡೆ ವಾಲುತ್ತದೆ.

ವರದಿಯ 24 ಗಂಟೆ

ಆಸ್ಪತ್ರೆ ವಾಸ ಹೆಚ್ಚಿಸಿದ ಅಥವಾ ಜೀವಕ್ಕೆ ಅಪಾಯ ತಂದ ಯಾವುದೇ ಘಟನೆ ಗಂಭೀರ ಪ್ರತಿಕೂಲ ಘಟನೆ. ಮಾತ್ರೆಗೂ ಅದಕ್ಕೂ ಸಂಬಂಧವಿದೆಯೇ ಎಂಬುದು ನಂತರದ ಮಾತು. ಕರುಳ ಆಪರೇಷನ್‌ನಲ್ಲಿ ಸೋರಿಕೆ ಗೊತ್ತಿರುವ ತೊಡಕೇ ಆದ್ದರಿಂದ ವರದಿ ಬೇಡ ಎಂಬ ವಾದ ಇಲ್ಲೂ ಬಂತು, ಅದು ನಿಲ್ಲುವುದಿಲ್ಲ. ನಿರೀಕ್ಷಿತವಾದದ್ದು ಗಂಭೀರವಲ್ಲದೆ ಹೋಗುವುದಿಲ್ಲ.

ಎಥಿಕ್ಸ್ ಕಮಿಟಿಗೆ 24 ಗಂಟೆಯೊಳಗೆ ತಿಳಿಸಬೇಕು. ಗಡಿಯಾರ ಯಾವಾಗ ಶುರು? ಕೆಲವರು ಆಪರೇಷನ್ ಮುಗಿದಾಗ ಎಂದರು, ಇನ್ನು ಕೆಲವರು ಸೋಮವಾರ ಕಚೇರಿ ತೆರೆದಾಗ ಎಂದರು. ಸರಿಯಾದ ಉತ್ತರ: ಸಂಶೋಧಕರಿಗೆ ತಿಳಿದ ಕ್ಷಣ, ಅಂದರೆ ಶನಿವಾರ ಸಂಜೆ 4.40ರ ಸಿಟಿ. ಭಾನುವಾರ ಬೆಳಗ್ಗೆ 11ಕ್ಕೆ ಇ-ಮೇಲ್ ಹೋಯಿತು. ಪೂರ್ತಿ ವಿಶ್ಲೇಷಣೆಗೆ 14 ದಿನ ಇರುತ್ತದೆ. ಮೊದಲ ವರದಿಯಲ್ಲಿ ತಿಳಿದಷ್ಟು ಬರೆದರೆ ಸಾಕು.

ಕರಡು ವರದಿಯಲ್ಲಿ ಎರಡು ದೋಷ ಸಿಕ್ಕವು, ಎರಡೂ ಎಲ್ಲೆಡೆ ಆಗುವಂಥವು. ಲಗತ್ತಿಸಿದ ಸಿಟಿ ಚಿತ್ರದ ಮೂಲೆಯಲ್ಲಿ ರೋಗಿಯ ಹೆಸರು, ಆಸ್ಪತ್ರೆ ನಂಬರ್ ಹಾಗೆಯೇ ಇತ್ತು. ಇನ್ನೊಂದು, "ಬಹುಶಃ ಪ್ಲಸೀಬೋ ಗುಂಪು" ಎಂಬ ಊಹೆಯ ವಾಕ್ಯ. ಎರಡನ್ನೂ ತೆಗೆದರು. ಒಂದನ್ನು ಸೇರಿಸಿದರು: ಮೂರನೇ ದಿನದ ಸಿಆರ್‌ಪಿ ಯಾವಾಗ ಬಂತು, ವಾರ್ಡಿಗೆ ಯಾವಾಗ ತಿಳಿಯಿತು. ಕಮಿಟಿ ಕೇಳದಿದ್ದರೂ ಇದನ್ನು ಬರೆದದ್ದು ಈ ಪ್ರಕರಣದ ಅತಿ ಪ್ರಾಮಾಣಿಕ ಕ್ಷಣ, ಮತ್ತು ಮುಂದಿನ ಸುಧಾರಣೆಗಳೆಲ್ಲ ಹುಟ್ಟಿದ್ದು ಇಲ್ಲಿಂದ.

ಗುಂಪು ಯಾವುದೆಂಬ ಮಾಹಿತಿ ಕಮಿಟಿಗೆ ಬೇಕಾದಾಗ, ಪ್ರಯೋಗದ ದಿನನಿತ್ಯದ ಕೆಲಸದಲ್ಲಿಲ್ಲದ ಸಂಖ್ಯಾಶಾಸ್ತ್ರಜ್ಞರು ಮುಚ್ಚಿದ ಕವರಿನಲ್ಲಿ ನೇರವಾಗಿ ಅಧ್ಯಕ್ಷರಿಗೆ ಕೊಟ್ಟರು. ಸರ್ಜನ್‌ಗಳಿಗೆ ತಿಳಿಯಲಿಲ್ಲ. ಸೋರಿಕೆಗೆ ಅಧ್ಯಯನದ ಮಾತ್ರೆ ಕಾರಣವಾಗಿರುವ ಸಂಭವ ಕಡಿಮೆ, ಅಂಚಿಗೆ ರಕ್ತ ಸಾಲದಿದ್ದುದು ಮತ್ತು ಅಪೌಷ್ಟಿಕತೆ ಮುಖ್ಯ ಕಾರಣಗಳು ಎಂಬುದು ಕಮಿಟಿಯ ಅಭಿಪ್ರಾಯ. ಅದು ತೀರ್ಮಾನವಾಗುವವರೆಗಿನ ಚಿಕಿತ್ಸೆಗೆ, ಐಸಿಯು ಮತ್ತು ಸಿಟಿ ಸೇರಿ, ಕುಟುಂಬದಿಂದ ಹಣ ಪಡೆಯಲಿಲ್ಲ.

ಮೂರನೇ ತಿರುವು: ಮಗನ ಪ್ರಶ್ನೆ

ಕೀವಿನ ಕಲ್ಚರ್‌ನಲ್ಲಿ ಹಲವು ಔಷಧಿಗೆ ಬಗ್ಗದ ಇ. ಕೋಲೈ ರೋಗಾಣು ಬೆಳೆದದ್ದರಿಂದ ಆಂಟಿಬಯಾಟಿಕ್ಕನ್ನು ಮೆರೊಪೆನೆಮ್‌ಗೆ ಬದಲಿಸಿದರು. ಎರಡು ದಿನ ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಬೇಕಾಯಿತು. ಸೋಂಕಿನ ಮೂಲ ಸರಿಪಡಿಸಿದ ಮೇಲೆ ಸುಮಾರು ನಾಲ್ಕು ದಿನದ ಆಂಟಿಬಯಾಟಿಕ್ ಸಾಕು ಎಂದು 518 ರೋಗಿಗಳ ಸ್ಟಾಪ್-ಇಟ್ ಪ್ರಯೋಗ 2015ರಲ್ಲೇ ತೋರಿಸಿದೆ. ಇಲ್ಲಿ ಐದನೇ ದಿನ ನಿಲ್ಲಿಸಿದರು. ಇನ್ನೆರಡು ದಿನ ಇರಲಿ ಎಂಬ ಅಭ್ಯಾಸಕ್ಕೆ ಬಲಿಯಾಗಲಿಲ್ಲ.

ಮೊದಲ ಆಪರೇಷನ್‌ನಿಂದ ಒಂಬತ್ತನೇ ದಿನ ಮಗ ಸಂಯೋಜಕಿಯ ಮುಂದೆ ನಿಂತ. "ಮೇಡಂ, ಆ ಮಾತ್ರೆ ತಗೊಂಡಿದ್ದಕ್ಕೇ ಅಪ್ಪಂಗೆ ಹಿಂಗಾಯ್ತಾ? ನಮ್ಮನ್ನ ಅದರಿಂದ ಬಿಟ್ಟುಬಿಡಿ."

ಉತ್ತರ ಕೊಟ್ಟದ್ದು ಸಂಯೋಜಕಿಯಲ್ಲ, ಮುಖ್ಯ ಸಂಶೋಧಕರೇ, ತಂದೆಯ ಮಂಚದ ಪಕ್ಕ ಕುರ್ಚಿ ಹಾಕಿ ಕೂತು. ಯಾವ ಮಾತ್ರೆ ಎಂದು ತಮಗೂ ತಿಳಿಯದು. ಸೋರಿಕೆ ಮಾತ್ರೆ ಇಲ್ಲದೆಯೂ ಆಗುತ್ತದೆ. ಹೊರಗಿನ ಕಮಿಟಿ ಪರಿಶೀಲಿಸುತ್ತಿದೆ. ಒಂದು ರಕ್ತದ ವರದಿ ವಾರ್ಡಿಗೆ ತಡವಾಗಿ ತಲುಪಿತು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಹೊರಬರುವ ಹಕ್ಕು ಪೂರ್ತಿ ಅವರದು, ಕಾರಣ ಹೇಳಬೇಕಿಲ್ಲ, ಚಿಕಿತ್ಸೆ ಇದ್ದಂತೆಯೇ ಇರುತ್ತದೆ ಎಂದರು.

ಹೊರಬರುವುದೆಂದರೆ ಒಂದೇ ಬಾಗಿಲಲ್ಲ ಎಂಬುದನ್ನು ಇಂಥ ವೇಳೆ ವಿವರಿಸದಿದ್ದರೆ ರೋಗಿಗೂ ನಷ್ಟ, ಪ್ರಯೋಗಕ್ಕೂ ನಷ್ಟ. ಮಾತ್ರೆ ನಿಲ್ಲಿಸುವುದು ಒಂದು, ಅದು ಆಗಲೇ ಮುಗಿದಿತ್ತು. ಹೆಚ್ಚಿನ ರಕ್ತ ಕೊಡದಿರುವುದು ಇನ್ನೊಂದು. ಮೂವತ್ತನೇ ದಿನದ ತಪಾಸಣೆ, ಫೋನ್ ಬೇಡವೆನ್ನುವುದು ಮತ್ತೊಂದು. ಮುಂದಿನ ಮಾಹಿತಿ ಬಳಸಬೇಡಿ ಎನ್ನುವುದು ಬೇರೆಯೇ. ಮಗನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆಗ ತಂದೆಯೇ ಮಾತಾಡಿದರು: "ಔಷಧಿ ಇರಬೋದು, ಇಲ್ದೆ ಇರಬೋದು ಅಂತ ಆವತ್ತೇ ಹೇಳಿದ್ರಲ್ಲೋ. ನಾನೇ ಒತ್ತಿದ್ದು." ರಕ್ತ ಇನ್ನು ಕೊಡುವುದಿಲ್ಲ, ಗಾಯ ನೋಡಬಹುದು, ಫೋನ್ ಮಾಡಬಹುದು ಎಂದರು. ಅವರು ಹೇಳಿದ ಹಾಗೆಯೇ ನಮೂದಾಯಿತು.

ಫಲಿತಾಂಶ

17ನೇ ದಿನ ಬಿಡುಗಡೆ. ಸ್ಟೋಮಾ ಚೀಲ ಬದಲಿಸಲು ಹೆಂಡತಿಗೂ ಮಗನಿಗೂ ಕಲಿಸಿದರು. ಬೇಸ್‌ಪ್ಲೇಟಿನ ರಂಧ್ರ ಸ್ಟೋಮಾಕ್ಕಿಂತ ಒಂದೆರಡು ಮಿ.ಮೀ. ಮಾತ್ರ ದೊಡ್ಡದಿರಬೇಕು, ಇಲ್ಲದಿದ್ದರೆ ಸುತ್ತಲ ಚರ್ಮ ಬೇಯುತ್ತದೆ. ಪೆಥಾಲಜಿ ವರದಿ ಟಿ3 ಎನ್1, ಅಂದರೆ ಗಡ್ಡೆ ಕರುಳಿನ ಸ್ನಾಯು ಪದರ ದಾಟಿ ಹತ್ತಿರದ ಕೆಲವು ದುಗ್ಧಗ್ರಂಥಿಗಳಿಗೂ ಹರಡಿತ್ತು. ಕೀಮೋಥೆರಪಿ ಎಂಟನೇ ವಾರದಲ್ಲಿ ಶುರುವಾಯಿತು. ಸೋರಿಕೆಯ ನಿಜವಾದ ದಂಡ ಎಷ್ಟೋ ಸಲ ಈ ವಿಳಂಬವೇ. ಸ್ಟೋಮಾ ಮುಚ್ಚುವ ವಿಚಾರ ಕೀಮೋ ಮುಗಿದ ಮೇಲೆ.

ಪ್ರಯೋಗದ ಲೆಕ್ಕದಲ್ಲಿ ಇವರು ಆಳದ ಸೋಂಕು ಆದವರು, ಒಂದು ಸಲ ಮಾತ್ರ ಎಣಿಕೆ. ಕಿಬ್ಬೊಟ್ಟೆಯ ಕೀವು ಸೋಂಕಿನ ಕೆಳಗೂ ಬರುತ್ತದೆ, ಸೋರಿಕೆಯ ಕೆಳಗೂ ಬರುತ್ತದೆ. ಮುಖ್ಯ ಫಲಿತಾಂಶಕ್ಕೆ ಸೋಂಕು, ಎರಡನೆಯ ಪಟ್ಟಿಗೆ ಸೋರಿಕೆ ಎಂದು ಮೊದಲೇ ಬರೆದಿದ್ದರಿಂದ ಗೊಂದಲವಾಗಲಿಲ್ಲ. ಶಸ್ತ್ರಚಿಕಿತ್ಸೆಯ ತೊಡಕುಗಳ ತೀವ್ರತೆ ಅಳೆಯುವ ಕ್ಲಾವಿಯನ್-ಡಿಂಡೊ ಶ್ರೇಣಿಯಲ್ಲಿ ಮರು ಆಪರೇಷನ್ 3ಬಿ. ಆದರೆ ನಾರ್‌ಅಡ್ರಿನಲಿನ್ ಮತ್ತು ಐಸಿಯು ಬೇಕಾದ್ದರಿಂದ 4 ಎಂದು ನಮೂದಿಸಿದರು. ಅತಿ ಹೆಚ್ಚಿನ ಶ್ರೇಣಿಯೇ ಲೆಕ್ಕಕ್ಕೆ.

ಆ 19 ಗಂಟೆ ಉಳಿದಿದ್ದರೆ ಜೋಡಣೆ ಉಳಿಯುತ್ತಿತ್ತೇ? ಅಂಚು ಕಪ್ಪಿಟ್ಟಿದ್ದನ್ನು ನೋಡಿದರೆ ಸ್ಟೋಮಾ ತಪ್ಪುತ್ತಿರಲಿಲ್ಲ ಎನಿಸುತ್ತದೆ. ರಕ್ತದೊತ್ತಡ ಕುಸಿಯುವ ಮೊದಲೇ ಹೊಟ್ಟೆ ತೆರೆಯಬಹುದಿತ್ತು ಎಂಬುದಂತೂ ಗಟ್ಟಿ. ಒಬ್ಬ ರೋಗಿಯಿಂದ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಬದಲಾದದ್ದು

ಪ್ರಯೋಗದ ವಿಧಾನಕ್ಕೆ ತಿದ್ದುಪಡಿ ತಂದು ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದರು. ಮೂರು ಮತ್ತು ನಾಲ್ಕನೇ ದಿನದ ಸಿಆರ್‌ಪಿ ಈಗ ಎರಡು ಕಡೆ ಹೋಗುತ್ತದೆ: ಪ್ರಯೋಗದ ಸಂಖ್ಯೆಯೊಂದಿಗೆ ಸಂಶೋಧನಾ ಫೈಲಿಗೆ, ಹೆಸರಿನೊಂದಿಗೆ ವಾರ್ಡಿಗೆ. 150 ದಾಟಿದರೆ ಲ್ಯಾಬ್‌ನಿಂದ ಡ್ಯೂಟಿ ವೈದ್ಯರಿಗೆ ಫೋನ್, ಕೇಳಿಸಿಕೊಂಡವರ ಹೆಸರು ಮತ್ತು ವೇಳೆ ಪುಸ್ತಕದಲ್ಲಿ. ಗಡಿಯನ್ನು 172ಕ್ಕಿಂತ ಕೆಳಗಿಟ್ಟದ್ದು ಉದ್ದೇಶಪೂರ್ವಕ, ಒಂದೆರಡು ಅನಗತ್ಯ ಫೋನ್ ಕರೆಯಿಂದ ಯಾರಿಗೂ ಕೇಡಿಲ್ಲ. ಇದರಿಂದ ಪ್ರಯೋಗದ ಗುಟ್ಟು ಒಡೆಯುವುದೇ ಎಂಬ ಆಕ್ಷೇಪ ಬಂತು. ಸಿಆರ್‌ಪಿ ನೋಡಿ ಯಾರೂ ಮಾತ್ರೆ ಯಾವುದೆಂದು ಊಹಿಸಲಾರರು. ಎರಡೂ ಗುಂಪಿಗೆ ಒಂದೇ ನಿಯಮ ಇರುವುದರಿಂದ ಹೋಲಿಕೆಯೂ ಕೆಡದು.

ಮಾಹಿತಿ ಪತ್ರವನ್ನು ದಾಖಲಾದ ರಾತ್ರಿಯ ಬದಲು, ಆಪರೇಷನ್ ದಿನಾಂಕ ಕೊಡುವ ಒಪಿಡಿ ದಿನವೇ ಮನೆಗೆ ಕಳಿಸುತ್ತಾರೆ. ರೋಗಿ ತನ್ನ ಮಾತಿನಲ್ಲಿ ಮರಳಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಲು ಪತ್ರದಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟಿದೆ. ಈ ನಾಲ್ಕು ಸಾಲು ತುಂಬದೆ ಫಾರ್ಮಸಿ ಮಾತ್ರೆ ಕೊಡುವುದಿಲ್ಲ.

ಈ ರೋಗಿ ಸೇರಿದ ಬಳಿಕ, 2024ರಲ್ಲಿ, ಫಿನ್ಲೆಂಡಿನ ಎರಡನೇ ಮೊಬೈಲ್ ಪ್ರಯೋಗ ಬಂತು. ಗುದನಾಳದ ಆಪರೇಷನ್‌ನಲ್ಲಿ, ಕರುಳು ಶುಚಿಗೊಳಿಸುವುದರ ಜೊತೆಗೆ ಬಾಯಿಂದ ಆಂಟಿಬಯಾಟಿಕ್ ಕೊಟ್ಟವರಲ್ಲಿ ಗಾಯದ ಸೋಂಕೂ ಸೋರಿಕೆಯೂ ಕಡಿಮೆಯಾಗಿದ್ದವು. ನಮ್ಮ ಕಥೆಯ ಪ್ರಯೋಗದ ಮೇಲೆ ಕಣ್ಣಿಟ್ಟಿದ್ದ ಸುರಕ್ಷತಾ ಸಮಿತಿ ತುರ್ತಾಗಿ ಸೇರಿ, ಗುದನಾಳದ ಗಡ್ಡೆಯವರನ್ನು ಇನ್ನು ಸೇರಿಸಬಾರದು, ಉಳಿದ ಕರುಳಿನವರಲ್ಲಿ ಮುಂದುವರಿಸಬಹುದು ಎಂದಿತು. ಈ ಹೊಸ ಮಾಹಿತಿಯನ್ನು ತಿದ್ದಿದ ಪತ್ರದಲ್ಲಿ ಸೇರಿಸಿ, ಅದಾಗಲೇ ಸೇರಿ ಇನ್ನೂ ತಪಾಸಣೆಯಲ್ಲಿದ್ದವರಿಗೆ ಫೋನ್ ಮೂಲಕ ತಿಳಿಸಿದರು. ಈ ರೋಗಿಯ ಗಡ್ಡೆ ಗುದನಾಳದ ಗಡಿ ಎಂದು ಹಿಡಿಯುವ 15 ಸೆಂ.ಮೀ.ಗಿಂತ 1 ಸೆಂ.ಮೀ. ಮೇಲಿತ್ತು; ಅವರಿಗೂ ಕರೆ ಹೋಯಿತು. ಅವರು ಕೇಳಿದ್ದು ಒಂದೇ, ತಮಗೆ ಸಿಕ್ಕಿದ್ದು ಯಾವ ಮಾತ್ರೆ ಎಂದು. ಹಾಗೆ ಕೇಳಿದವರಿಗೆ ಹೇಳುವ ವ್ಯವಸ್ಥೆ ಮೂಲ ವಿಧಾನದಲ್ಲಿ ಇರಲಿಲ್ಲ. ಈಗ ಪ್ರತಿ ಒಪ್ಪಿಗೆ ಪತ್ರದ ಕೊನೆಯಲ್ಲಿ, ಪ್ರಯೋಗ ಮುಗಿದ ಮೇಲೆ ತಮ್ಮ ಗುಂಪು ಮತ್ತು ಒಟ್ಟು ಫಲಿತಾಂಶ ತಿಳಿಯಲು ಇಷ್ಟವಿದೆಯೇ, ಯಾವ ನಂಬರಿಗೆ, ಯಾರಿಗೆ ಹೇಳಬೇಕು ಎಂಬ ಕಾಲಂ ಸೇರಿದೆ. ಹಳಬರಿಗೆಲ್ಲ ಫೋನ್ ಮಾಡಿ ಅದನ್ನು ತುಂಬಿಸಿದ್ದಾರೆ, ಈ ರೋಗಿಯ ಹಾಳೆಯಲ್ಲಿ ಹೌದು ಎಂದಿದೆ.